ಪುಶ್ ಬಟನ್ ಕಾರು ಒಮ್ಮೆ ಸ್ಟಾರ್ಟ್ ಆಗಿ ಒಮ್ಮೆ ಆಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ ಕಡೆಯ ಆಟೋ ಎಲೆಕ್ಟ್ರಿಕ್ ಅಂಗಡಿಗಳಿಗೆ ಬರುವ ಪುಶ್ ಬಟನ್ ಕಾರುಗಳ ದೂರು ಬಹುಮಟ್ಟಿಗೆ ಒಂದೇ ಬಗೆಯದು: ಬೆಳಿಗ್ಗೆ ಬಟನ್ ಒತ್ತಿದಾಗ ಗಾಡಿ ಸುಮ್ಮನಿತ್ತು, ಮೆಕ್ಯಾನಿಕ್ ಬರುವಷ್ಟರಲ್ಲಿ ತಾನಾಗಿಯೇ ಸ್ಟಾರ್ಟ್ ಆಯಿತು. ಕೆಳಗಿನ ಉತ್ತರಗಳು ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಸಂಬಂಧಿಸಿದವು. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿಯೂ 12 ವೋಲ್ಟ್ ಬ್ಯಾಟರಿ ಇರುತ್ತದೆಯಾದರೂ, ಅವುಗಳ ಹೆಚ್ಚಿನ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್‌ಗಳಿಗೆ ತರಬೇತಿ ಇಲ್ಲದವರು ಕೈ ಹಾಕಬಾರದು.

ಬಟನ್ ಒತ್ತಿದ ಮೇಲೆ ಕಾರಿನೊಳಗೆ ಏನೇನು ನಡೆಯುತ್ತದೆ?

ಹಳೆಯ ಕಾರಿನಲ್ಲಿ ಕೀ ತಿರುಗಿಸಿದರೆ ಕರೆಂಟು ಹೆಚ್ಚು ಕಡಿಮೆ ನೇರವಾಗಿ, ಎಂಜಿನ್ನನ್ನು ಮೊದಲು ತಿರುಗಿಸುವ ಸೆಲ್ಫ್ ಮೋಟರಿನ ಕಡೆಗೆ ಹೋಗುತ್ತಿತ್ತು. ಪುಶ್ ಬಟನ್ ಕಾರಿನಲ್ಲಿ ಬಟನ್ ಒಂದು ಕೋರಿಕೆಯನ್ನು ಮಾತ್ರ ಕಳುಹಿಸುತ್ತದೆ. ಅದು ಬಂದ ಕೂಡಲೇ ಕಾರಿನ ಒಳಗಿನ ಆಂಟೆನಾಗಳು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಸುಮಾರಿನ ಕ್ಷೀಣ ಸಂಕೇತವೊಂದನ್ನು ಬಿಟ್ಟು ಕೀಯನ್ನು ಎಬ್ಬಿಸುತ್ತವೆ. ಎಚ್ಚೆತ್ತ ಕೀ ತನ್ನ ಗುರುತನ್ನು ನಮ್ಮ ಕಡೆಯ ಕಾರುಗಳಲ್ಲಿ ಹೆಚ್ಚಾಗಿ 433 ಮೆಗಾಹರ್ಟ್ಸ್ ತರಂಗದಲ್ಲಿ ಮರಳಿ ಕಳುಹಿಸುತ್ತದೆ. ಗುರುತು ಸರಿಹೊಂದಿದರೆ ಇಮೊಬಿಲೈಸರ್ (ಬೇರೆ ಕೀಯಿಂದ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಒಪ್ಪುತ್ತದೆ, ಸ್ಟೇರಿಂಗ್ ಲಾಕ್ ಬಿಚ್ಚಿಕೊಳ್ಳುತ್ತದೆ, ಬ್ರೇಕ್ ಅಥವಾ ಕ್ಲಚ್ ಪೆಡಲ್ ಒತ್ತಿದೆಯೇ ಎಂಬುದನ್ನು ಮತ್ತು ಆಟೋಮ್ಯಾಟಿಕ್ ಗಾಡಿಯಾದರೆ ಗೇರು ಪಾರ್ಕ್ ಇಲ್ಲವೇ ನ್ಯೂಟ್ರಲ್‌ನಲ್ಲಿದೆಯೇ ಎಂಬುದನ್ನು ಕಾರಿನ ಕಂಪ್ಯೂಟರ್ ನೋಡುತ್ತದೆ. ಇಷ್ಟೆಲ್ಲ ಆದ ಮೇಲೆಯೇ ಸ್ಟಾರ್ಟರ್ ರಿಲೇಗೆ (ಸೆಲ್ಫಿಗೆ ಕರೆಂಟು ಬಿಡುವ ಸ್ವಿಚ್ಚಿಗೆ) ಆಜ್ಞೆ ಹೋಗಿ ಸೆಲ್ಫ್ ಮೋಟರ್ ತಿರುಗುತ್ತದೆ.

ಈ ಸರಪಳಿಯಲ್ಲಿ ಕಾರಿನ ಕಡೆಯ ಪ್ರತಿ ಕೊಂಡಿಗೂ ಬ್ಯಾಟರಿಯಿಂದ ಸ್ಥಿರವಾದ ವೋಲ್ಟೇಜ್ ಬೇಕು. ವೋಲ್ಟೇಜ್ ಕುಸಿದಾಗ ಮೊದಲು ತಬ್ಬಿಬ್ಬಾಗುವುದು ಕಂಪ್ಯೂಟರ್‌ಗಳೇ ಆದ್ದರಿಂದ, ಬ್ಯಾಟರಿಯ ದೋಷವು ಕೀಯ ದೋಷದಂತೆಯೋ ಸ್ಟೇರಿಂಗ್ ಲಾಕಿನ ದೋಷದಂತೆಯೋ ಕಾಣಿಸಿಕೊಳ್ಳಬಹುದು. ಕೀ ಮತ್ತು ಬಟನ್ ಮೇಲೆ ಹೊರಿಸುವ ತಪ್ಪಿನಲ್ಲಿ ದೊಡ್ಡ ಪಾಲು ಬ್ಯಾಟರಿಯದೋ ಅದರ ಕೇಬಲ್‌ಗಳದೋ ಆಗಿರುತ್ತದೆ.

ಗಾಡಿ ಸ್ಟಾರ್ಟ್ ಆಗದ ಆ ಗಳಿಗೆಯಲ್ಲಿ ಏನನ್ನು ಗಮನಿಸಬೇಕು?

‘ಗಾಡಿ ಸೆಲ್ಫ್ ತಗೊಳ್ಳವಲ್ದ್ರಿ’ ಎಂದಷ್ಟೇ ಹೇಳಿದರೆ ಎದುರಿಗಿರುವವನಿಗೆ ಏನೂ ತಿಳಿಯುವುದಿಲ್ಲ. ಮೀಟರ್ ಬೋರ್ಡ್ ಪೂರ್ತಿ ಕತ್ತಲಾಗಿತ್ತೇ, ದೀಪಗಳೆಲ್ಲ ಬಂದು ಸೆಲ್ಫ್ ಮಾತ್ರ ತಿರುಗಲಿಲ್ಲವೇ, ಇಲ್ಲವೇ ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತಿಕೊಳ್ಳಲಿಲ್ಲವೇ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಈ ಮೂರರ ದಾರಿಗಳೇ ಬೇರೆ.

ಆಮೇಲೆ ಶಬ್ದ. ಟಕಟಕಟಕ ಎಂದು ವೇಗವಾಗಿ ಸದ್ದಾದರೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ಅದು ಬ್ಯಾಟರಿ ಅಥವಾ ಸಡಿಲ ಟರ್ಮಿನಲ್ಲಿನ ಲಕ್ಷಣ. ಒಂದೇ ಒಂದು ಗಟ್ಟಿ ‘ಟಕ್’ ಕೇಳಿಸಿ ನಿಂತುಬಿಟ್ಟರೆ ಸೊಲೆನಾಯ್ಡ್ (ಸೆಲ್ಫ್ ಮೋಟರಿನ ವಿದ್ಯುತ್ಕಾಂತ ಸ್ವಿಚ್) ಎಳೆದುಕೊಂಡಿದೆ, ಆದರೆ ಮೋಟರಿಗೆ ಬೇಕಾದಷ್ಟು ಕರೆಂಟು ಮುಟ್ಟಿಲ್ಲ ಇಲ್ಲವೇ ಮೋಟರಿನ ಕಾರ್ಬನ್ ಬ್ರಶ್ ಸವೆದಿದೆ. ಯಾವ ಸದ್ದೂ ಇಲ್ಲದಿದ್ದರೆ ಆಜ್ಞೆಯೇ ಹೊರಟಿಲ್ಲವೆಂದು ಹಿಡಿದು ಪೆಡಲ್ ಸ್ವಿಚ್, ಗೇರ್ ಸ್ವಿಚ್, ಕೀ ಮತ್ತು ರಿಲೇ ಕಡೆಗೆ ಹೋಗಬೇಕು. ಕೈಯಲ್ಲಿರುವ ಮೊಬೈಲಿನಲ್ಲಿ ಮೀಟರ್ ಬೋರ್ಡಿನ ವಿಡಿಯೊವನ್ನು ಶಬ್ದ ಸಮೇತ ತೆಗೆದಿಟ್ಟುಕೊಂಡರೆ, ಗ್ಯಾರೇಜಿಗೆ ಹೋದಾಗ ಗಾಡಿ ಸರಿಯಾಗಿಯೇ ಸ್ಟಾರ್ಟ್ ಆದರೂ ತೋರಿಸಲು ಸಾಕ್ಷಿ ಇರುತ್ತದೆ. ಹೊತ್ತು, ಬಿಸಿಲು ಅಥವಾ ಮಳೆ, ಗಾಡಿ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನೂ ಬರೆದಿಡಿ.

ಬ್ಯಾಟರಿ ಹೊಸದು. ಆದರೂ ಮೊದಲು ಅದನ್ನೇ ಏಕೆ ಅಳೆಯಬೇಕು?

ಹೊಸ ಬ್ಯಾಟರಿಯೂ ಚಾರ್ಜ್ ಇಲ್ಲದೆ ನಿಂತಿರಬಹುದು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯ ಎರಡು ಕಂಬಗಳ ಮೇಲೆಯೇ ಮಲ್ಟಿಮೀಟರಿನ ಕಡ್ಡಿಗಳನ್ನು ಇಟ್ಟು ನೋಡಿದಾಗ ಸುಮಾರು 12.6 ವೋಲ್ಟ್ ಬಂದರೆ ಬ್ಯಾಟರಿ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0ಕ್ಕಿಂತ ಕೆಳಗೆ ಇಳಿದಿದ್ದರೆ ಬಹುತೇಕ ಬರಿದಾಗಿದೆ ಎಂದು ತಿಳಿಯಬೇಕು. ಆದರೆ ಈ ಅಳತೆಯೊಂದನ್ನೇ ನಂಬಬಾರದು. ಒಳಗೆ ಸೋತ ಬ್ಯಾಟರಿಯೂ ವಿಶ್ರಾಂತಿಯಲ್ಲಿ 12.5 ತೋರಿಸಿ, ಸೆಲ್ಫ್ ಹೊಡೆದ ಕ್ಷಣದಲ್ಲಿ ಕುಸಿಯುತ್ತದೆ. ಆದ್ದರಿಂದ ಇನ್ನೊಬ್ಬರಿಗೆ ಬಟನ್ ಒತ್ತಲು ಹೇಳಿ, ಸೆಲ್ಫ್ ತಿರುಗುತ್ತಿರುವಾಗಲೇ ಮೀಟರ್ ನೋಡಬೇಕು, ಆಗ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಅಂಗಡಿಯಲ್ಲಿ ಲೋಡ್ ಟೆಸ್ಟ್ (ಹೊರೆ ಹಾಕಿ ಬ್ಯಾಟರಿಯ ಬಲ ನೋಡುವ ಪರೀಕ್ಷೆ) ಮಾಡಿಸುವುದು ಅಗತ್ಯ.

ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬ್ಯಾಟರಿಯ ಆಯುಷ್ಯವನ್ನು ತಿನ್ನುವುದು ಈ ಬಿಸಿಯೇ. ಅದರ ಫಲ ಮಾತ್ರ ಡಿಸೆಂಬರಿನ ತಂಪು ಮುಂಜಾವಿನಲ್ಲಿ ಕಾಣಿಸುವುದರಿಂದ ಜನ ಚಳಿಯನ್ನು ಬೈಯುತ್ತಾರೆ. ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ಸೌಲಭ್ಯವಿರುವ ಕಾರಿಗೆ ಕಂಪನಿ ಹೇಳಿದ ಬಗೆಯ ಬ್ಯಾಟರಿಯನ್ನೇ ಹಾಕಿಸಬೇಕು. ಅಗ್ಗವೆಂದು ಸಾಮಾನ್ಯ ಬ್ಯಾಟರಿ ಕೂರಿಸಿದರೆ ಅದು ಬೇಗ ಸೋಲುತ್ತದೆ.

ಬ್ಯಾಟರಿ ಸರಿಯಿದೆ, ಲೋಡ್ ಟೆಸ್ಟಿನಲ್ಲಿಯೂ ಪಾಸಾಗಿದೆ. ಮುಂದೇನು?

ಟರ್ಮಿನಲ್ ಮತ್ತು ಅರ್ಥಿಂಗ್, ಅಂದರೆ ಬ್ಯಾಟರಿಯ ಮೈನಸ್ಸನ್ನು ಎಂಜಿನ್ ಮತ್ತು ಬಾಡಿಗೆ ಸೇರಿಸುವ ಜೋಡಣೆ. ಒಮ್ಮೊಮ್ಮೆ ಮಾತ್ರ ಬರುವ ದೋಷಗಳು ಅತಿ ಹೆಚ್ಚು ಅಡಗಿ ಕೂರುವ ಜಾಗ ಇದು. ಇಲ್ಲಿ ಕಳೆದ ಅರ್ಧ ಗಂಟೆ ಸಾವಿರಾರು ರೂಪಾಯಿಯ ಬಿಡಿಭಾಗಗಳನ್ನು ಉಳಿಸುತ್ತದೆ.

ಎಂಜಿನ್ ಆಫ್ ಇರುವಾಗ ಟರ್ಮಿನಲ್ ಕ್ಲಾಂಪನ್ನು ಬರಿಗೈಯಿಂದ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಅದು ಸಡಿಲವೇ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ಬ್ರಶ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಕೂರಿಸಬೇಕು. ಸೋಡಾ ನೀರು ಬ್ಯಾಟರಿಯ ಮುಚ್ಚಳದ ರಂಧ್ರದೊಳಗೆ ಇಳಿಯಬಾರದು. ಹೊಸ ಕಾರುಗಳಲ್ಲಿ ಮೈನಸ್ ಟರ್ಮಿನಲ್ಲಿಗೇ ಒಂದು ಸಣ್ಣ ಸೆನ್ಸರ್ ಅಂಟಿಕೊಂಡಿರುತ್ತದೆ. ಕ್ಲಾಂಪನ್ನು ಸುತ್ತಿಗೆಯಿಂದ ಬಡಿದರೆ ಅದು ಹಾಳಾಗುತ್ತದೆ.

ಕಣ್ಣಿಗೆ ಚೊಕ್ಕಟವಾಗಿ ಕಾಣುವ ಕೇಬಲ್ಲೂ ಒಳಗೆ ಕೆಟ್ಟಿರಬಹುದು. ಅದನ್ನು ಹಿಡಿಯಲು, ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜನ್ನು ಅಳೆಯುವ ವೋಲ್ಟೇಜ್ ಡ್ರಾಪ್ ಪರೀಕ್ಷೆಯೇ ಬೇಕು: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಬೇಕು. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಕೆಟ್ಟಿದೆ. ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೆ 0.5 ವೋಲ್ಟ್ ದಾಟಬಾರದು. ಇಂಡಿ ಕಡೆಯ ಒಂದು ಕಾರಿನಲ್ಲಿ ಬ್ಯಾಟರಿ ಮತ್ತು ಕೀ ಎರಡನ್ನೂ ಬದಲಾಯಿಸಿದ ಮೇಲೂ ತೊಂದರೆ ಹೋಗಿರಲಿಲ್ಲ. ಸೆಲ್ಫ್ ಹೊಡೆದಾಗ ಬ್ಯಾಟರಿಯ ಮೇಲೆ 10.9 ವೋಲ್ಟ್ ಇತ್ತು, ಮೈನಸ್ ಕಂಬ ಮತ್ತು ಎಂಜಿನ್ ನಡುವೆ 1.6 ತೋರಿಸುತ್ತಿತ್ತು, ಅಂದರೆ ಮೋಟರಿಗೆ ಸಿಗುತ್ತಿದ್ದುದು ಹೆಚ್ಚೆಂದರೆ 9.3. ಗೇರ್ ಬಾಕ್ಸಿನ ಪಕ್ಕದ ಅರ್ಥ್ ಪಟ್ಟಿಯ ಬೋಲ್ಟ್ ಬಿಚ್ಚಿದಾಗ ವಾಷರ್ ಕೆಳಗೆ ಒಣಗಿದ ಎರೆಮಣ್ಣು ಪದರವಾಗಿ ಕೂತಿತ್ತು, ಅದರಡಿ ತಾಮ್ರ ಹಸಿರುಗಟ್ಟಿತ್ತು. ಗಾಡಿ ಅಲುಗಾಡಿದಂತೆ ಒಮ್ಮೆ ಕೂಡುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಮರಳು ಕಾಗದದಿಂದ ಉಜ್ಜಿ ಮತ್ತೆ ಬಿಗಿದಿದ್ದಷ್ಟೇ ದುರಸ್ತಿ.

ಕೀ ಜೇಬಿನಲ್ಲಿಯೇ ಇದೆ, ಆದರೂ ‘ಕೀ ಪತ್ತೆಯಾಗಿಲ್ಲ’ ಎಂದು ಏಕೆ ಬರುತ್ತದೆ?

ಮೊದಲಿಗೆ ಕೀಯೊಳಗಿನ ಸೆಲ್. ಹಲವು ಕೀಗಳಲ್ಲಿ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಇರುತ್ತದೆ. ನಿಮ್ಮದರಲ್ಲಿ ಯಾವುದಿದೆ ಎಂಬುದನ್ನು ಹಳೆಯ ಸೆಲ್ಲಿನ ಮೇಲೆಯೇ ಓದಿಕೊಳ್ಳಬೇಕು. ಬಾಗಿಲು ತೆರೆಯಲು ದಿನೇ ದಿನೇ ಹೆಚ್ಚು ಹತ್ತಿರ ಹೋಗಬೇಕಾಗುತ್ತಿದ್ದರೆ ಸೆಲ್ ಮುಗಿಯುತ್ತ ಬಂದಿದೆ. ತೆಗೆದ ಹಳೆಯ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಕೂಡಲೇ ವಿಲೇವಾರಿ ಮಾಡಿ, ನುಂಗಿದರೆ ಅದು ಅನ್ನನಾಳವನ್ನು ಸುಡುತ್ತದೆ.

ಸೆಲ್ ಹೊಸದಾಗಿಯೂ ತೊಂದರೆ ಉಳಿದರೆ ಕೀಯನ್ನು ಎಲ್ಲಿ ಇಡುತ್ತೀರಿ ಎಂದು ನೋಡಬೇಕು. ಕಾರು ಬಿಡುವ ಎಬ್ಬಿಸುವ ಸಂಕೇತದ ವ್ಯಾಪ್ತಿ ಬಹಳ ಚಿಕ್ಕದು. ಮೊಬೈಲ್, ಪವರ್ ಬ್ಯಾಂಕ್ ಅಥವಾ ಲ್ಯಾಪ್‌ಟಾಪ್‌ಗೆ ಒತ್ತಿಕೊಂಡಿರುವ ಕೀ, ವೈರ್‌ಲೆಸ್ ಚಾರ್ಜರ್ ಮೇಲೆ ಇಟ್ಟ ಕೀ, ಉಕ್ಕಿನ ಡಬ್ಬಿಯೊಳಗಿನ ಕೀ ಅದನ್ನು ಕೇಳಿಸಿಕೊಳ್ಳದೆ ಹೋಗಬಹುದು. ಅಗ್ಗದ ಡ್ಯಾಶ್ ಕ್ಯಾಮೆರಾ, ಸಿಗರೇಟ್ ಸಾಕೆಟ್ಟಿನ ಮೊಬೈಲ್ ಚಾರ್ಜರ್ ಮತ್ತು ಹೊರಗಿನಿಂದ ಹಾಕಿಸಿದ ಎಲ್‌ಇಡಿ ಬಲ್ಬುಗಳೂ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಇವುಗಳನ್ನು ಒಂದೊಂದಾಗಿ ಕಿತ್ತು ಪರೀಕ್ಷಿಸಬೇಕು, ಎಲ್ಲವನ್ನೂ ಒಮ್ಮೆಲೇ ಅಲ್ಲ. ಎರಡನೆಯ ಕೀಯಿಂದ ತೊಂದರೆ ಬರದಿದ್ದರೆ ದೋಷ ಮೊದಲ ಕೀಯದು. ಎರಡರಿಂದಲೂ ಬಂದರೆ ಕಾರಿನದು.

ಕೀಯ ಸೆಲ್ ದಾರಿಯಲ್ಲಿ ಸತ್ತರೆ ಏನು ಗತಿ?

ಗಾಬರಿ ಬೇಡ. ಕೀಯೊಳಗೆ ಸಾಮಾನ್ಯವಾಗಿ ಲೋಹದ ಸಣ್ಣ ಕೀಲಿಕೈ ಅಡಗಿರುತ್ತದೆ. ಅದರಿಂದ ಚಾಲಕನ ಬಾಗಿಲು ತೆರೆಯಬಹುದು. ಕೆಲವು ಕಾರುಗಳಲ್ಲಿ ಬೀಗದ ರಂಧ್ರ ಹಿಡಿಕೆಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಆಮೇಲೆ ಪೆಡಲ್ ಒತ್ತಿ, ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದರೆ ಬಹಳಷ್ಟು ಕಾರುಗಳು ಸ್ಟಾರ್ಟ್ ಆಗುತ್ತವೆ, ಏಕೆಂದರೆ ಕೀಯೊಳಗಿನ, ಗುರುತು ತಿಳಿಸುವ ಟ್ರಾನ್ಸ್‌ಪಾಂಡರ್ ಚಿಪ್ಪಿಗೆ ಸ್ವಂತ ಸೆಲ್ ಬೇಡ, ಕಾರಿನ ಸುರುಳಿಯಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಕೆಲವು ಮಾದರಿಗಳಲ್ಲಿ ಈ ಜಾಗ ಸ್ಟೇರಿಂಗ್ ಕಾಲಂ ಮೇಲೆ ಅಥವಾ ಕಪ್ ಹೋಲ್ಡರ್ ಒಳಗೆ ಇರುತ್ತದೆ. ನಿಮ್ಮ ಕಾರಿನ ಕೈಪಿಡಿಯ ಆ ಒಂದು ಪುಟದ ಫೋಟೊ ಮೊಬೈಲಿನಲ್ಲಿರಲಿ.

ದೀಪಗಳೆಲ್ಲ ಬರುತ್ತವೆ, ಕೀಯನ್ನೂ ಗುರುತಿಸುತ್ತದೆ, ಸೆಲ್ಫ್ ಮಾತ್ರ ತಿರುಗುವುದಿಲ್ಲ. ಕಾರಣವೇನು?

ಆಟೋಮ್ಯಾಟಿಕ್ ಕಾರಾದರೆ ಬ್ರೇಕ್ ಸ್ವಿಚ್ಚಿನಿಂದ ಆರಂಭಿಸಿ. ಯಾರನ್ನಾದರೂ ಹಿಂದೆ ನಿಲ್ಲಿಸಿ ಪೆಡಲ್ ಒತ್ತಿದಾಗ ಬ್ರೇಕ್ ದೀಪ ಪ್ರತಿ ಸಲವೂ ಹೊತ್ತುತ್ತದೆಯೇ ಎಂದು ಕೇಳಿ. ಹೊತ್ತದಿದ್ದರೆ ಅಥವಾ ಮಿಣುಕಿದರೆ ಪೆಡಲಿನ ಮೇಲ್ತುದಿಯ ಸ್ವಿಚ್ ಸವೆದಿದೆ. ಅದು ಅಗ್ಗದ ಭಾಗ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕಾರು ಸಲ ಒತ್ತಿದರೆ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಮುಗಿದು ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಗ ಸ್ವಿಚ್ ಪೂರ್ತಿ ಕೂಡುವಂತೆ ಜೋರಾಗಿಯೇ ಒತ್ತಬೇಕು. ನ್ಯೂಟ್ರಲ್‌ಗೆ ಹಾಕಿ ಪ್ರಯತ್ನಿಸಿದಾಗ ಸ್ಟಾರ್ಟ್ ಆದರೆ ಗೇರ್ ಸ್ಥಾನದ ಸ್ವಿಚ್ ಮೇಲೆ ಸಂಶಯ ಪಡಬೇಕು.

ಮ್ಯಾನುಯಲ್ ಕಾರಿನಲ್ಲಿ ಕ್ಲಚ್ ಸ್ವಿಚ್ ನೋಡುವ ಮೊದಲು ಕಾಲಕೆಳಗಿನ ಮ್ಯಾಟ್ ನೋಡಿ. ಹೊರಗೆ ಹಾಕಿಸುವ ದಪ್ಪ ಮ್ಯಾಟ್ ಮುಂದೆ ಸರಿದು ಕ್ಲಚ್ ಪೆಡಲಿನ ಅಡಿ ಮುದುಡಿಕೊಂಡರೆ, ಪೆಡಲ್ ಕೊನೆಯವರೆಗೆ ಹೋಗದೆ ಸ್ವಿಚ್ ಕೂಡುವುದೇ ಇಲ್ಲ.

ಇಳಿಜಾರಿನಲ್ಲಿ ಅಥವಾ ಚಕ್ರ ಕಲ್ಲಿಗೆ ಒರಗಿ ನಿಂತಾಗ ಸ್ಟೇರಿಂಗ್ ಲಾಕಿನ ಮೇಲೆ ಒತ್ತಡ ಬಿದ್ದು ಅದು ಬಿಚ್ಚಿಕೊಳ್ಳುವುದಿಲ್ಲ. ಸ್ಟೇರಿಂಗನ್ನು ಎಡಬಲಕ್ಕೆ ಮೆಲ್ಲಗೆ ಅಲುಗಿಸುತ್ತ ಬಟನ್ ಒತ್ತಿ.

ತಣ್ಣಗಿದ್ದಾಗ ಸರಿ, ದೂರ ಓಡಿಸಿ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗುವುದಿಲ್ಲ. ಏಕೆ?

ಸೊಲ್ಲಾಪುರದಿಂದ ಬಂದು ಊಟಕ್ಕೆ ನಿಲ್ಲಿಸಿದಾಗ ಕೈಕೊಟ್ಟು, ಅರ್ಧ ಗಂಟೆ ಬಿಟ್ಟು ಏನೂ ಆಗದಂತೆ ಸ್ಟಾರ್ಟ್ ಆಗುವ ಕಾರು ಬಿಸಿಯ ದೋಷವನ್ನು ಹೇಳುತ್ತಿದೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೊದಲ ಸಂಶಯ; ಬಿಸಿಯಾದಾಗ ಅದರೊಳಗಿನ ಸುರುಳಿ ಅಥವಾ ಚಿಪ್ ಕೆಲಸ ನಿಲ್ಲಿಸುತ್ತದೆ. ಸೆಲ್ಫ್ ಹೊಡೆಯುವಾಗ, ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರಿನಲ್ಲಿ ಎಂಜಿನ್ ತಿರುಗುವ ವೇಗ, ಅಂದರೆ ಆರ್‌ಪಿಎಂ ಸೊನ್ನೆಯಾಗಿಯೇ ಉಳಿದರೆ ಸಂಶಯ ಗಟ್ಟಿಯಾಗುತ್ತದೆ. ಸೆಲ್ಫೇ ಭಾರವಾಗಿ ತಿರುಗಿದರೆ ಮೋಟರ್ ಮತ್ತು ಅದರ ಕೇಬಲ್ಲನ್ನು ಬಿಸಿಯಿರುವಾಗಲೇ ಅಳೆಯಬೇಕು, ಮರುದಿನ ಬೆಳಿಗ್ಗೆ ಅಳೆದು ಪ್ರಯೋಜನವಿಲ್ಲ.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದುಬಿಡುತ್ತದೆ. ಕರೆಂಟು ಎಲ್ಲಿ ಸೋರುತ್ತಿದೆ?

ನಿಂತ ಕಾರು ಕೂಡ ಅಲಾರಂ, ಗಡಿಯಾರ ಮತ್ತು ಕೀಯನ್ನು ಆಲಿಸುವ ರಿಸೀವರಿಗಾಗಿ ಸ್ವಲ್ಪ ಕರೆಂಟು ತೆಗೆದುಕೊಳ್ಳುತ್ತದೆ. 20ರಿಂದ 50 ಮಿಲಿಆಂಪಿಯರ್ ಸಾಮಾನ್ಯ. 50 ಎಂದರೆ ದಿನಕ್ಕೆ 1.2 ಆಂಪಿಯರ್-ಗಂಟೆ ಮಾತ್ರ. ಅದೇ 500 ಆದರೆ ದಿನಕ್ಕೆ 12, ಆಗ 45 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ಮೂರು ದಿನದಲ್ಲಿ ಕೈಚೆಲ್ಲುತ್ತದೆ.

ಅಳೆಯುವಾಗ ಅವಸರ ಸಲ್ಲದು. ಬಾನೆಟ್ ತೆರೆದು, ಅದರ ಕೊಕ್ಕೆಯನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಕಾರನ್ನು ಲಾಕ್ ಮಾಡಿ, ಕೀಯನ್ನು ಮನೆಯೊಳಗೆ ದೂರ ಇಟ್ಟು, ಅರ್ಧದಿಂದ ಒಂದು ಗಂಟೆಯವರೆಗೆ ಕಾಯಬೇಕು. ಕಂಪ್ಯೂಟರ್‌ಗಳು ಒಂದೊಂದಾಗಿ ಮಲಗಲು ಅಷ್ಟು ಹೊತ್ತು ಹಿಡಿಯುತ್ತದೆ. ಕಾಯದೆ ಅಳೆದವರು ಇಲ್ಲದ ಸೋರಿಕೆಯನ್ನು ಹುಡುಕುತ್ತ ಕೂರುತ್ತಾರೆ. ಮಿಲಿಆಂಪಿಯರ್ ತೋರಿಸುವ ಡಿಸಿ ಕ್ಲಾಂಪ್ ಮೀಟರನ್ನು ಮೈನಸ್ ಕೇಬಲ್ಲಿಗೆ ಹಾಕುವುದು ಎಲ್ಲಕ್ಕಿಂತ ಸುಲಭ. ಮಲ್ಟಿಮೀಟರನ್ನು ಕೇಬಲ್ಲಿನ ನಡುವೆ ಜೋಡಿಸಿದ್ದರೆ ಯಾವ ಕಾರಣಕ್ಕೂ ಬಟನ್ ಒತ್ತಬೇಡಿ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಸೋರಿಕೆ ಇದೆಯೆಂದು ಖಚಿತವಾದ ಮೇಲೆ ಫ್ಯೂಸ್‌ಗಳನ್ನು ಕೀಳುವ ಬದಲು, ಪ್ರತಿ ಫ್ಯೂಸಿನ ತಲೆಯ ಮೇಲಿನ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯುವುದು ಮೇಲು. ಸೊನ್ನೆ ಇಲ್ಲದ ಫ್ಯೂಸಿನಲ್ಲಿ ಕರೆಂಟು ಹರಿಯುತ್ತಿದೆ. ಫ್ಯೂಸ್ ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಎಚ್ಚರಗೊಂಡು ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ.

ಹೆಚ್ಚಾಗಿ ಸಿಕ್ಕಿಬೀಳುವುದು ಹೊರಗೆ ಹಾಕಿಸಿದ ಸ್ಟೀರಿಯೊ, ಆಂಪ್ಲಿಫೈಯರ್, ಜಿಪಿಎಸ್ ಟ್ರ್ಯಾಕರ್, ಸದಾ ಚಾಲೂ ಇರುವ ಡ್ಯಾಶ್ ಕ್ಯಾಮೆರಾ, ಡಿಕ್ಕಿಯ ದೀಪ. ಇನ್ನೊಂದು ಕಾರಣ ನಮ್ಮ ಮನೆಗಳ ಕಟ್ಟುವಿಕೆಯಲ್ಲೇ ಇದೆ: ಪೋರ್ಟಿಕೋದಲ್ಲಿ ಕಾರು, ಅದಕ್ಕೆ ಒರಗಿದ ಗೋಡೆಯ ಒಳಮಗ್ಗುಲಲ್ಲಿ ಕೀ ತೂಗುಹಾಕುವ ಮೊಳೆ. ಕೆಲವು ಕಾರುಗಳು ಇಷ್ಟು ಹತ್ತಿರದ ಕೀಯೊಡನೆ ಮತ್ತೆ ಮತ್ತೆ ಮಾತನಾಡುತ್ತ ನಿದ್ದೆ ಹೋಗುವುದಿಲ್ಲ. ಕಾರಿನ ಬ್ಯಾಟರಿಯೂ ಕೀಯ ಸೆಲ್ಲೂ ಒಟ್ಟಿಗೆ ಸೋಲುತ್ತವೆ. ಮೊಳೆಯನ್ನು ಒಳಕೋಣೆಗೆ ಬದಲಿಸಿ ನೋಡುವುದಕ್ಕೆ ಖರ್ಚಿಲ್ಲ.

ಡೈನಮೋ ಸರಿಯಾಗಿ ಚಾರ್ಜ್ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಸುಮಾರು 13.8ರಿಂದ 14.7 ವೋಲ್ಟ್ ಇರಬೇಕು. ಇಂಧನ ಉಳಿಸಲು ಚಾರ್ಜಿಂಗನ್ನು ತಾವೇ ಏರಿಳಿಸುವ ಹೊಸ ಕಾರುಗಳಲ್ಲಿ 12.8 ಕಂಡರೂ ಕೂಡಲೇ ದೋಷ ಎನ್ನಬಾರದು. ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ ಮತ್ತೊಮ್ಮೆ ನೋಡಬೇಕು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿದಾಗ 0.5ಕ್ಕಿಂತ ಹೆಚ್ಚು ಬಂದರೆ ಡೈನಮೋದ ಡಯೋಡ್ ಕೆಟ್ಟಿರುವ ಸಾಧ್ಯತೆಯಿದೆ.

ಮಳೆಗಾಲದಲ್ಲಿ ಮಾತ್ರ ತೊಂದರೆ ಬರುತ್ತದೆ. ಇಲಿಯೂ ಕಾರಣವಾಗಬಹುದೇ?

ಎರಡೂ ನಿಜ. ಖಾನಾಪುರ, ಬೆಳಗಾವಿ ಕಡೆಯ ಮಳೆಯಲ್ಲಿ ನಿಲ್ಲುವ ಕಾರುಗಳಲ್ಲಿ ಮುಂಗಾಜಿನ ಬುಡದ ನೀರು ಹೋಗುವ ರಂಧ್ರಗಳು ಎಲೆಗಳಿಂದ ಮುಚ್ಚಿ, ನೀರು ಒಳಗಿಳಿದು ಫ್ಯೂಸ್ ಬಾಕ್ಸನ್ನೋ ಕಾರ್ಪೆಟ್ ಅಡಿಯ ಕನೆಕ್ಟರನ್ನೋ ತಲುಪುತ್ತದೆ. ಕಾರ್ಪೆಟ್ ಎತ್ತಿ ಕೈಯಿಂದ ಒತ್ತಿ ನೋಡಿ. ವಾಟರ್ ಸರ್ವಿಸ್ ಮಾಡಿಸುವಾಗ ಎಂಜಿನ್ ಮೇಲೆ ಜೋರು ನೀರು ಹೊಡೆಸಿದ ಮರುದಿನವೇ ಶುರುವಾಗುವ ತೊಂದರೆಗಳಿಗೆ ಬೇರೆ ಕಾರಣ ಹುಡುಕುವ ಅಗತ್ಯ ಬೀಳುವುದು ಅಪರೂಪ.

ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬಿನ ಹೊಲದ ಪಕ್ಕ, ತೋಟದ ಮನೆಯ ಮುಂದೆ ನಿಲ್ಲಿಸುವ ಕಾರುಗಳಿಗೆ ಇಲಿಯ ಕಾಟ ತಪ್ಪಿದ್ದಲ್ಲ. ಬ್ಯಾಟರಿ ತಟ್ಟೆಯ ಮೇಲೆ ಹಿಕ್ಕೆ ಅಥವಾ ವೈರಿನ ಸಿಪ್ಪೆ ಸಿಕ್ಕರೆ ವೈರಿಂಗಿನ ಉದ್ದಕ್ಕೂ ಕೈಯಾಡಿಸಬೇಕು. ಕಡಿದ ವೈರನ್ನು ಹೊಸೆದು ಟೇಪ್ ಸುತ್ತಿದರೆ ಆರು ತಿಂಗಳಲ್ಲಿ ಅದೇ ಹೊಸ ಕಾಯಿಲೆ; ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಲು ಹೇಳಿ.

ಸ್ಕ್ಯಾನರಿನಲ್ಲಿ ಹತ್ತಾರು ದೋಷದ ಕೋಡ್ ಬಂದಿವೆ. ಎಲ್ಲವೂ ಕೆಟ್ಟಿವೆಯೇ?

ಇಲ್ಲ. ಬ್ಯಾಟರಿ ಕುಸಿದಾಗ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ ತಪ್ಪಿ ‘ಯು’ ಅಕ್ಷರದಿಂದ ಆರಂಭವಾಗುವ ಕೋಡ್‌ಗಳು ಸಾಲುಗಟ್ಟುತ್ತವೆ. ಪಿ0562 ಇದ್ದರೆ ವೋಲ್ಟೇಜ್ ಕಡಿಮೆಯಾಗಿತ್ತು ಎಂದರ್ಥ. ಪಿ0615 ಸ್ಟಾರ್ಟರ್ ರಿಲೇ ಮಾರ್ಗದ್ದು, ಪಿ0335 ಕ್ರ್ಯಾಂಕ್ ಸೆನ್ಸರಿನದು. ಎಲ್ಲವನ್ನೂ ಬರೆದಿಟ್ಟುಕೊಂಡು, ಬ್ಯಾಟರಿ ಸರಿಪಡಿಸಿ, ಅಳಿಸಿ, ಕೆಲವು ದಿನ ಓಡಿಸಿದ ಮೇಲೆ ಮರಳಿ ಬಂದವುಗಳ ಬೆನ್ನು ಹತ್ತಬೇಕು.

ತಳ್ಳಿ ಸ್ಟಾರ್ಟ್ ಮಾಡಬಹುದೇ? ಇನ್ನೊಂದು ಬ್ಯಾಟರಿಯ ನೆರವಿನಿಂದ ಜಂಪ್ ಮಾಡುವ ಕ್ರಮ ಯಾವುದು?

ಆಟೋಮ್ಯಾಟಿಕ್ ಕಾರನ್ನು ತಳ್ಳಿ ಪ್ರಯೋಜನವಿಲ್ಲ. ಮ್ಯಾನುಯಲ್ ಕಾರಿನಲ್ಲಿಯೂ ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಂಪ್ಯೂಟರ್ ಏಳುವುದಿಲ್ಲ, ಸ್ಟೇರಿಂಗ್ ಲಾಕ್ ಬಿಚ್ಚುವುದಿಲ್ಲ. ಆದ್ದರಿಂದ ತಳ್ಳುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು. ಜಂಪರ್ ಕೇಬಲ್ಲಿನ ಕೆಂಪನ್ನು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಕೊನೆಯ ತುದಿಯನ್ನು ಸತ್ತ ಕಾರಿನ ಎಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಬೇಕು. ಬಿಚ್ಚುವುದು ಇದರ ಹಿಮ್ಮುಖವಾಗಿ.

ಗ್ಯಾರೇಜಿನವರು ದುಬಾರಿ ಮಾಡ್ಯೂಲ್ (ಕಾರಿನ ಕಂಪ್ಯೂಟರ್ ಪೆಟ್ಟಿಗೆ) ಬದಲಾಯಿಸಬೇಕು ಎನ್ನುತ್ತಾರೆ. ಒಪ್ಪಬೇಕೇ?

ಸೆಲ್ಫ್ ಹೊಡೆಯುವಾಗ ಎಷ್ಟು ವೋಲ್ಟ್ ಇತ್ತು, ಅರ್ಥಿಂಗ್ ಡ್ರಾಪ್ ಎಷ್ಟು ಬಂತು, ಆ ಮಾಡ್ಯೂಲಿಗೆ ಕರೆಂಟು ಮತ್ತು ಅರ್ಥ್ ಎರಡೂ ಬರುತ್ತಿವೆಯೆಂದು ದೋಷ ಬಂದ ಹೊತ್ತಿನಲ್ಲಿ ನೋಡಲಾಯಿತೇ ಎಂದು ಕೇಳಿ. ಅಂಕಿಗಳೊಂದಿಗೆ ಉತ್ತರ ಬಂದರೆ ನಂಬಬಹುದು. ‘ಹಾಕಿ ನೋಡೋಣ’ ಎಂಬ ಉತ್ತರ ಬಂದರೆ ಮೊದಲು ರಿಲೇಯನ್ನು ಅದೇ ಅಳತೆಯ ಇನ್ನೊಂದರ ಜೊತೆ ಅದಲು ಬದಲು ಮಾಡಿ ನೋಡಲು ಹೇಳಿ, ಅದಕ್ಕೆ ದುಡ್ಡು ತಗಲುವುದಿಲ್ಲ. ಮಾಡ್ಯೂಲ್ ಬದಲಾಯಿಸಿದರೆ ಕೀಗಳನ್ನು ಮರುನೋಂದಣಿ ಮಾಡಬೇಕಾಗಬಹುದು. ಆ ಖರ್ಚು ಅಂದಾಜಿನಲ್ಲಿ ಸೇರಿದೆಯೇ ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ, ಮತ್ತು ಅಂದು ಎರಡೂ ಕೀಗಳನ್ನು ತೆಗೆದುಕೊಂಡು ಹೋಗಿ.